ಮುಚ್ಚಂಜೆಗೆ ಆರಿಹೋಗುತ್ತಿದ್ದ ಕ್ಯಾಮೆರಾ

ಹೋದ ವಾರ ಸಂತೆಮರಹಳ್ಳಿಯಿಂದ ಒಬ್ಬರು ನಮ್ಮ ಅಂಗಡಿಗೆ ಬಂದಿದ್ದರು. ಅರಿಶಿನದ ಗೋದಾಮಿನ ಸುತ್ತ ಕ್ಯಾಮೆರಾ ಹಾಕಿಸಬೇಕಂತೆ. ಕ್ಯಾಮೆರಾ ಒಳ್ಳೆಯದೇ ಬೇಕು, ನೋಡುವ ಟಿವಿ ದೊಡ್ಡದೇ ಬೇಕು. ಕೇಬಲ್ ವಿಷಯ ಬಂದಾಗ ಮಾತ್ರ ಮೂಗು ಮುರಿದರು. "ಯಾವ್ದೋ ಒಂದ್ ವೈರ್ ಎಳೀರಿ ಅಕ್ಕಾ, ಮಣ್ಣೊಳಿಕೆ ಓಗದ್ನ ಯಾರ್ ನೋಡಾರು?" ಅಂದರು. ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಎರಡು ತುಂಡು ಕೇಬಲ್ ತೆಗೆದು ಮೇಜಿನ ಮೇಲೆ ಬಡಿದೆ. ಒಂದು ಬೂದು ಬಣ್ಣದ್ದು, ಒಂದು ಕಪ್ಪು. ಬೂದು ಕೇಬಲ್ ಮನೆಯೊಳಗೆ ಇರಬೇಕಾದ್ದು. ಹೊರಗೆ ಎರಡು ಬೇಸಿಗೆ ಬಿಸಿಲು ಕುಡಿದರೆ ಅದರ ಸಿಪ್ಪೆ ಸೀಳುತ್ತದೆ, ಸೀಳಿದ ಕಡೆ ನೀರು ಇಳಿಯುತ್ತದೆ. ಅದರೊಳಗಿನ ತಂತಿಯನ್ನು ಬ್ಲೇಡಿನಲ್ಲಿ ಕೆರೆದು ತೋರಿಸಿದೆ. ಮೇಲೆ ತಾಮ್ರದ ಬಣ್ಣ, ಕೆರೆದರೆ ಬೆಳ್ಳಗೆ ಅಲ್ಯೂಮಿನಿಯಂ. ಆಮೇಲೆ ಕಪ್ಪು ಕೇಬಲ್‌ನ ದಪ್ಪ ಸಿಪ್ಪೆ ಸುಲಿದೆ. ಒಳಗೆ ನೀರು ಇಳಿಯದಿರಲಿ ಅಂತ ತುಂಬಿರುವ ಜಿಡ್ಡು ಬೆರಳಿಗೆ ಅಂಟಿತು. ಸೀಮೆಎಣ್ಣೆಯೂ ಅಲ್ಲದ, ಮೇಣವೂ ಅಲ್ಲದ ಒಂದು ವಾಸನೆ ಅದಕ್ಕೆ.

ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಗುಂಡ್ಲುಪೇಟೆಯ ಆಚೆ ಮದ್ದೂರು ಕಾಡಿನ ಕಡೆಯ ಆ ಹೊಲ, ತೆನೆ ಕಟ್ಟಿದ ಮುಸುಕಿನ ಜೋಳ, ಮಳೆ ನಿಂತ ಸಂಜೆ ಎಲ್ಲ ಒಟ್ಟಿಗೆ ಎದುರು ಬಂದು ನಿಂತವು. ಬಂದವರು ಏನೋ ಕೇಳುತ್ತಿದ್ದರು, ನನಗೆ ಕೇಳಿಸುತ್ತಿರಲಿಲ್ಲ. ಕೊನೆಗೆ ನಮ್ಮ ಯಜಮಾನರೇ ಎದ್ದು ಬಂದು ವ್ಯಾಪಾರ ಮುಗಿಸಿದರು.

ನಾವಿಬ್ಬರೂ ಚಾಮರಾಜನಗರದಲ್ಲಿ ಈ ಅಂಗಡಿ ಇಟ್ಟು ಬಹಳ ವರ್ಷವಾಯಿತು. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ನಮ್ಮ ಯಜಮಾನರು ನಾಗೇಂದ್ರ ಮೊದಲು ಟಿವಿ ರಿಪೇರಿ ಮಾಡುತ್ತಿದ್ದರು. ಜನ ಟಿವಿ ರಿಪೇರಿ ಮಾಡಿಸುವುದನ್ನೇ ಬಿಟ್ಟ ಮೇಲೆ ಕ್ಯಾಮೆರಾ ಕೆಲಸಕ್ಕೆ ಇಳಿದೆವು. ಒಂದೇ ತೊಡಕು, ಅವರಿಗೆ ಎತ್ತರ ಕಂಡರೆ ಆಗುವುದಿಲ್ಲ. ಏಣಿಯ ಎರಡನೇ ಮೆಟ್ಟಿಲಿಗೆ ಕಾಲಿಟ್ಟರೆ "ಉಘೇ ಮಾದಪ್ಪ" ಶುರುವಾಗುತ್ತದೆ. ಹಾಗಾಗಿ ಏಣಿ ಹತ್ತುವವಳು ನಾನು, ಹಿಡಿಯುವವರು ಅವರು. ಹೆಂಗಸು ಏಣಿ ಹತ್ತುವುದನ್ನು ನೋಡಲು ಮೊದಮೊದಲು ಜನ ಸೇರುತ್ತಿದ್ದರು. "ನೋಡ್ಕಳ್ಳಿ, ಟಿಕೆಟ್ ಇಲ್ಲ" ಅನ್ನುತ್ತಿದ್ದೆ.

ಆ ವರ್ಷ ಶ್ರಾವಣ ಇನ್ನೇನು ಮುಗಿಯುವುದರಲ್ಲಿತ್ತು. ಗುಂಡ್ಲುಪೇಟೆ ಕಡೆಯೆಲ್ಲ ಚೆಂಡುಹೂವಿನ ಕೊಯ್ಲು. ಓಣಂ ಹಬ್ಬಕ್ಕೆಂದು ಕೇರಳದ ಲಾರಿಗಳು ಹೂವು ತುಂಬಿಕೊಂಡು ಗಡಿ ದಾಟುತ್ತಿದ್ದವು. ಅಂಥ ಒಂದು ಬೆಳಿಗ್ಗೆ ಮಲ್ಲೇಶ ಅನ್ನುವ ಹುಡುಗ ಅಂಗಡಿಗೆ ಬಂದ. ಹುಡುಗ ಅಂದೆ, ಮದುವೆಗೆ ಹೆಣ್ಣು ನೋಡುವ ವಯಸ್ಸು. ನಿದ್ದೆಗೆಟ್ಟು ಕಣ್ಣು ಕೆಂಡವಾಗಿತ್ತು. ಕೂರಿ ಅಂದರೂ ಕೂರಲಿಲ್ಲ.

"ಕ್ಯಾಮ್ರ ಕೆಟ್ಟೋಗದೆ ಕಣಕ್ಕ. ಕೆಟ್ಟೋಗದೆ ಅನ್ನಂಗೂ ಇಲ್ಲ. ಅಗಲೊತ್ತು ಚೆನ್ನಾಗೇ ಇರ್ತದೆ. ಮುಚ್ಚಂಜೆ ಆಗ್ಬುಟ್ರೆ ಸಾಕು, ಒಂಟೋಯ್ತದೆ. ಬೆಳಕರೀತಿದ್ದಂಗೆ ತಾನೇ ಬತ್ತದೆ" ಅಂದ.

ಅವನ ಹೊಲ ಮದ್ದೂರು ಅರಣ್ಯದ ಅಂಚಿಗೆ, ಆನೆ ಬಾರದಿರಲೆಂದು ತೋಡಿದ ಕಂದಕಕ್ಕೆ ಅಂಟಿಕೊಂಡು ಇತ್ತು. ಹಿಂದಿನ ಕಾರ್ತೀಕದಲ್ಲಿ ಅವನ ಅಣ್ಣ ಸಿದ್ದಪ್ಪ ರಾತ್ರಿ ಕಾವಲಿಗೆ ಹೋದವನು ಅಲ್ಲೇ ಆನೆಗೆ ಸಿಕ್ಕಿ ತೀರಿಕೊಂಡಿದ್ದ. ಇನ್ನು ಯಾರೂ ರಾತ್ರಿ ಅಲ್ಲಿ ಮಲಗುವುದು ಬೇಡ, ಮನೆಯಲ್ಲೇ ಕೂತು ಟಿವಿಯಲ್ಲಿ ನೋಡೋಣ, ಆನೆ ಕಂಡರೆ ಊರಿನವರೆಲ್ಲ ಸೇರಿ ಸದ್ದು ಮಾಡಿ ಓಡಿಸೋಣ ಅಂತ ಹೊಲದ ಅಂಚಿನ ಕಲ್ಲುಕಂಬಕ್ಕೆ ಕ್ಯಾಮೆರಾ ಹಾಕಿಸಿದ್ದರು. ಬೇಕಾದ ಹೊತ್ತಿಗೇ ಅದು ಕಣ್ಣು ಮುಚ್ಚಿದರೆ ಏನು ಮಾಡುವುದು? ಜೋಳ ಹಾಲುಗಾಳು ಬಿಟ್ಟಿತ್ತು, ಆನೆ ಕಂದಕ ದಾಟುವ ಕಾಲ. ಮಲ್ಲೇಶ ದಿನಾ ಸಂಜೆ ಬ್ಯಾಟರಿ, ಪಟಾಕಿ ಹಿಡಿದುಕೊಂಡು ಅಣ್ಣ ಸತ್ತ ಹೊಲದ ಅಟ್ಟಣೆಗೇ ಹೋಗಿ ಕೂರುತ್ತಿದ್ದ.

"ಯಾರನ್ನೂ ಕರೆಸಿ ತೋರಿಸ್ಲಿಲ್ವಾ?" ಅಂತ ಕೇಳಿದೆ.

"ಬಂದ್ರು ಕಣಕ್ಕ, ಬ್ಯಾರೆ ಬ್ಯಾರೆಯವ್ರು. ಕ್ಯಾಮ್ರ ಬದ್ಲಾಯಿಸಿದ್ರು, ಕರೆಂಟ್ ಬಾಕ್ಸ್ ಬದ್ಲಾಯಿಸಿದ್ರು. ನೋಡು, ಸರೋಯ್ತು ಅಂತ ತೋರ್ಸ್‌ಬುಟ್ಟು ನಾಕ್ ಗಂಟೆ ಬಸ್ಸಿಗೆ ಓದ್ರು. ಅವ್ರು ಓದ್ಮೇಲೆ ಅದೂ ಓಯ್ತು."

ಇದರಲ್ಲಿ ಅವರ ತಪ್ಪೂ ಇಲ್ಲ ಅನ್ನಿ. ಕಾಡಂಚಿನ ಊರಿಗೆ ಕೆಲಸಕ್ಕೆ ಹೋದವರು ಯಾರೂ ಕತ್ತಲಾಗುವ ತನಕ ಅಲ್ಲಿ ಇರುವುದಿಲ್ಲ. ಟೀ ಕುಡಿಯುವ ಹೊತ್ತಿಗೇ ಚೀಲ ಕಟ್ಟುತ್ತಾರೆ. ರಸ್ತೆಗೆ ಯಾವಾಗ ಏನು ಅಡ್ಡ ಬರುತ್ತದೆ ಹೇಳುವಂತಿಲ್ಲವಲ್ಲ. ಬಂದವರೆಲ್ಲ ಬೆಳಕಿನಲ್ಲಿ ಬಂದು ಬೆಳಕಿನಲ್ಲೇ ಹೋಗಿದ್ದರು. ಕತ್ತಲಲ್ಲಿ ಬರುವ ಕಾಯಿಲೆಯನ್ನು ಒಬ್ಬರೂ ಕಣ್ಣಾರೆ ನೋಡಿರಲಿಲ್ಲ.

"ಇವತ್ತು ನಾವು ಅಲ್ಲೇ ಉಳ್ಕೊಳೋಣ" ಅಂದೆ. ನಮ್ಮ ಯಜಮಾನರು ನನ್ನನ್ನೇ ನೋಡಿದರು. "ನಿಂಗೇನ್ ತಲೆ ಕೆಟ್ಟಿದ್ದದಾ? ಆನೆ ಬಂದ್ರೆ ನೀನು ಏಣಿ ಹತ್ಬುಡ್ತೀಯ. ನಾನು?" ಅಂದರು. ಆದರೂ ಬಂದರು. ಬಯ್ಯುತ್ತ ಬರುವುದು ಅವರ ಅಭ್ಯಾಸ.

ನಮ್ಮ ಬೈಕು ಗುಂಡ್ಲುಪೇಟೆ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಹಳದಿಯೋ ಹಳದಿ. ಆಮೇಲೆ ಹೂವಿನ ಹೊಲ ಮುಗಿದು, ತುಂತುರು ಹಿಡಿದು, ಕಾಡಿನ ಕಡೆಯಿಂದ ತಣ್ಣನೆ ಗಾಳಿ ಬರಲು ಶುರುವಾಯಿತು. ಮಲ್ಲೇಶನ ಮನೆ ಊರಿಗೆ ಕೊನೆಯದು. ಹಿತ್ತಲ ಬಾಗಿಲು ತೆರೆದರೆ ಜೋಳದ ಹೊಲ, ಹೊಲದ ಆ ತುದಿಗೆ ಕಲ್ಲುಕಂಬ, ಕಂಬದ ಆಚೆ ಕಂದಕ, ಕಂದಕದ ಆಚೆ ಕಾಡು.

ಕೇಬಲ್ ನೋಡಿ ನನಗೆ ಅರ್ಧ ಉತ್ತರ ಸಿಕ್ಕಿತು. ಅದೇ ಬೂದು ಬಣ್ಣದ್ದು. ಅದೂ ಮನೆಯಿಂದ ಕಂಬಕ್ಕೆ ನೇರ ಹೋಗದೆ, ಬೇಲಿ ಹಿಡಿದು, ಬಾವಿ ಸುತ್ತಿ, ಬದುವಿನ ಮೇಲೆ ಬಳಸಿಕೊಂಡು ಹೋಗಿತ್ತು. ಇಂಥ ಕೇಬಲ್‌ಗೆ ನೂರು ಮೀಟರಿನ ಮಿತಿ ಇದೆ. ನೇರ ಹೋದರೆ ಮಿತಿಯೊಳಗೇ ಇರುತ್ತಿತ್ತು, ಬಳಸಿದ್ದರಿಂದ ಮೀರಿತ್ತು.

"ಯಾಕಪ್ಪಾ, ಮೂಗು ಎಲ್ಲಿದೆ ಅಂದ್ರೆ ತಲೆ ಸುತ್ತಿಸಿ ತೋರ್ಸಿದ್ದೀರಿ?" ಅಂತ ಕೇಳಿದೆ. ಮಲ್ಲೇಶ ಹೊಲದ ನಡುವೆ ಕೈ ತೋರಿಸಿದ. ಜೋಳದ ಮಧ್ಯೆ ಒಂದು ಅಂಕಣದಷ್ಟು ಜಾಗ ಬಿತ್ತದೆ ಬಿಟ್ಟಿದ್ದರು. ಅಲ್ಲಿ ಸಿದ್ದಪ್ಪನ ಗದ್ದುಗೆ. ನಮ್ಮವರಲ್ಲಿ ಸತ್ತವರನ್ನು ಸುಡುವುದಿಲ್ಲ, ಅವರವರ ಹೊಲದಲ್ಲೇ ಕೂರಿಸಿ ಮಣ್ಣು ಮಾಡುತ್ತೇವೆ. ಅವರ ಮನೆತನದಲ್ಲಿ ಇನ್ನೂ ಒಂದು ಕಟ್ಟು ಇತ್ತು. ವರ್ಷ ತುಂಬುವ ತನಕ ಗದ್ದುಗೆಯ ಅಂಕಣಕ್ಕೆ ಕಬ್ಬಿಣ ತಾಗಿಸುವ ಹಾಗಿಲ್ಲ. ಗುದ್ದಲಿ, ಹಾರೆ, ನೇಗಿಲು ಯಾವುದೂ ಇಲ್ಲ. ತಾಗಿಸಿದರೆ ಒಳಗೆ ಕೂತವರಿಗೆ ನೋವಾಗುತ್ತದಂತೆ. ಕಂಬಕ್ಕೆ ನೇರ ದಾರಿ ಇದ್ದದ್ದು ಆ ಅಂಕಣದ ಮೇಲೇ. ಅದರ ಎರಡೂ ಬದಿ ಗೇಣು ಮಣ್ಣಿನ ಕೆಳಗೇ ಹಾಸುಬಂಡೆ, ಕೇಬಲ್ ಹೂಳಲು ಆಗದು. ಗಾಳಿಯಲ್ಲಿ ಎಳೆಯೋಣ ಅಂದರೆ ಆನೆಗೆ ಅದು ಸೊಂಡಿಲಿಗೆ ಸಿಕ್ಕ ಬಳ್ಳಿ. ಹಾಗಾಗಿ ಸುತ್ತು ಹಾಕಿದ್ದರು.

ಸಿದ್ದಪ್ಪನ ಹೆಂಡತಿ ನಂಜಮ್ಮಣ್ಣಿ ನಮಗೆ ಊಟಕ್ಕಿಟ್ಟಳು. ಮೂವತ್ತೈದರ ಒಳಗಿನ ಹೆಂಗಸು, ಚುರುಕು ಕೈ. ಗಂಡನ ಸಾವಿನ ಬಗ್ಗೆ ನಾನು ಎರಡು ಮಾತು ಆಡಹೋದರೆ ಅವಳು ಹುಳಿಗೆ ಉಪ್ಪು ಸರಿ ಇದೆಯಾ ಅಂತ ಕೇಳಿದಳು. ಅವಳು ಒಂದು ಹನಿ ಕಣ್ಣೀರು ಹಾಕಿಲ್ಲ, ಮಣ್ಣು ಮಾಡುವ ದಿನವೂ ಕಲ್ಲಿನ ಹಾಗೆ ನಿಂತಿದ್ದಳು ಅಂತ ಮಲ್ಲೇಶ ಹೇಳಿದ್ದ. ಹೊತ್ತು ಇಳಿಯುತ್ತಿದ್ದ ಹಾಗೆ ಅವಳು ಒಳಗೂ ಹೊರಗೂ ಓಡಾಡತೊಡಗಿದಳು. "ಕತ್ಲಾಯ್ತದೆ, ಒಂಟ್ಕಳಿ ಅಕ್ಕ" ಅಂತ ಎರಡು ಮೂರು ಸಲ ಅಂದಳು. ಉಳಿಯುತ್ತೇವೆ ಅಂದಾಗ ಅವಳ ಮುಖ ಸಣ್ಣಗಾಯಿತು. ನಮ್ಮನ್ನು ಕಂಡು ಬೇಸರವೇನೋ ಅಂದುಕೊಂಡೆ.

ಮುಚ್ಚಂಜೆ ಆಯಿತು. ನಂಜಮ್ಮಣ್ಣಿ ಮುಖ ತೊಳೆದು, ತಲೆ ಬಾಚಿ, ವಿಭೂತಿ ಇಟ್ಟುಕೊಂಡು ದೀಪ ಹಚ್ಚಿದಳು. ಒಂದು ಲೋಟ ಕಾಫಿ ತಂದು ಟಿವಿಯ ಮುಂದೆ ಇಟ್ಟು ಎದುರಿಗೆ ಚಾಪೆಯ ಮೇಲೆ ಕೂತಳು. ನಾನು ಅವಳ ಪಕ್ಕ ಕೂತೆ. ಪರದೆಯಲ್ಲಿ ಹೊಲ ಕಾಣುತ್ತಿತ್ತು. ಕಂದಕದ ದಿಬ್ಬ, ಎಡಗಡೆ ಮೂಲೆಯಲ್ಲಿ ಗದ್ದುಗೆ. ಹಸಿರು ಮಾಸುತ್ತ ಬಂತು. ಚಿತ್ರ ಒಂದು ಕ್ಷಣ ಬಣ್ಣ ಕಳೆದುಕೊಂಡು ಬೂದಿಯ ಹಾಗೆ ಬೆಳ್ಳಗಾಯಿತು, ತಕ್ಷಣ ಆರಿ ಕಪ್ಪಾಯಿತು.

"ಬಂದ್ರು" ಅಂದಳು ನಂಜಮ್ಮಣ್ಣಿ.

ಅಷ್ಟು ಮೆಲ್ಲಗೆ, ಅಷ್ಟು ಸಹಜವಾಗಿ ಅಂದಳು. ಬಾಗಿಲಲ್ಲಿ ಯಾರೋ ಚಪ್ಪಲಿ ಬಿಡುತ್ತಿದ್ದಾರೇನೋ ಅಂತ ನಾನು ತಿರುಗಿಯೇ ನೋಡಿದೆ. ಯಾರೂ ಇರಲಿಲ್ಲ.

"ಯಾರು ಬಂದ್ರವ್ವಾ?"

"ನಮ್ಮನ್ಯವ್ರು. ಅವ್ರಿಗೆ ಫೋಟೋ ಅಂದ್ರೆ ನಾಚ್ಕೆ ಕಣಕ್ಕ. ಮದ್ವೆಲೂ ಮೊಖ ತಿರುಗ್ಸ್‌ಕಂಡೇ ನಿಂತ್ಕಂಡವ್ರೆ ನೋಡಿ" ಅಂತ ಗೋಡೆ ತೋರಿಸಿದಳು. ಅಲ್ಲಿದ್ದ ಒಂದೇ ಫೋಟೋದಲ್ಲಿ ಗಂಡಿನ ಕಿವಿ, ಪೇಟ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. "ಒಲದಿಂದ ಬರಾವಾಗ ಕ್ಯಾಮ್ರ ಎದ್ರುಗೇ ಕಣ್ ಬುಟ್ಕಂಡಿರ್ತದಲ್ಲ. ಅದ್ಕೇ ಮುಚ್ಬುಡ್ತಾರೆ. ಬೆಳಗಾನ ಇಲ್ಲೇ ಇರ್ತಾರೆ. ನೀವ್ ಇದ್ರೆ ಬರಾಕಿಲ್ವೇನೋ ಅಂತ ಇದ್ದೆ. ಬಂದ್ರು ಬುಡಿ" ಅಂದು ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಜಗಲಿಗೆ ಎದ್ದು ಬಂದೆ. ಮಲ್ಲೇಶ ಅಣ್ಣನ ಹಳೇ ಸ್ವೆಟರ್ ಹಾಕಿಕೊಂಡು ಪಟಾಕಿಯ ಚೀಲ ಹೆಗಲಿಗೇರಿಸುತ್ತಿದ್ದ. "ಅಣ್ಣ ಬತ್ತಾನೆ ಅಂತ ಅತ್ಗೆ ಏಳುದ್ರಾ?" ಅಂತ ಕೇಳಿದ. ಹೂಂ ಅಂದೆ.

"ಅದು ಸುಳ್ಳು ಕಣಕ್ಕ. ಅತ್ಗೆ ನೋಡಾಕೆ ಬರ್ನಿಲ್ಲ ಅವ್ನು. ಆವತ್ತು ಕಾವ್ಲು ನಂದಾಗಿತ್ತು. ನಾನು ಗೆಳೇರ್ ಜತೆ ಗುಂಡ್ಲುಪೇಟ್ಗೆ ಓಗಿದ್ದೆ. ಒತ್ತಿಗ್ ಬತ್ತೀನಿ ಅಂದವ್ನು ನಾನ್ ಬರ್ನಿಲ್ಲ, ನನ್ ಬದ್ಲು ಅವ್ನೇ ಓದ. ನನ್ ಮ್ಯಾಲೆ ಕ್ವಾಪ ಅವ್ನಿಗೆ. ಮನ್ಲಿ ಬೆಚ್ಗೆ ಕೂತ್ಕಂಡು ಟಿವಿಲಿ ಕಾವ್ಲು ಕಾದೀಯಲಾ, ಬಾ, ಅಲ್ಲೇ ಬಂದು ಕೂತ್ಕ ಅಂತ ಕರೀತವ್ನೆ."

ಹೀಗೆ ಹೇಳಿ ಅವನು ಜೋಳದ ನಡುವೆ ಹೋದ. ಬ್ಯಾಟರಿಯ ಬೆಳಕು ತೆನೆಗಳ ಮೇಲೆ ಕುಣಿಯುತ್ತ ಸಣ್ಣದಾಯಿತು. ನಮ್ಮ ಯಜಮಾನರು ನನ್ನ ಕೈ ಹಿಡಿದುಕೊಂಡೇ ಕೂತಿದ್ದರು. ಸತ್ತವನು ಒಬ್ಬನೇ, ಆರುವ ಕ್ಯಾಮೆರಾ ಒಂದೇ. ಒಬ್ಬಳಿಗೆ ಅದು ಗಂಡ ಮನೆಗೆ ಬರುವ ಹೊತ್ತು, ಇನ್ನೊಬ್ಬನಿಗೆ ಅಣ್ಣ ಕರೆಯುವ ಹೊತ್ತು. ದೆವ್ವ ಭೂತ ನಂಬದ ನನಗೂ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಮಾರನೇ ದಿನ ಮಲ್ಲೇಶ ಜೀವಂತವಾಗಿ ಬಂದ. ಬಿಸಿಲು ನೆತ್ತಿಗೆ ಬಂದಾಗ ಏಣಿ ಹೊತ್ತು ಕಂಬದ ಹತ್ತಿರ ಹೋದೆವು. ನನಗೆ ಒಂದು ಅನುಮಾನವಿತ್ತು. ಈ ಕ್ಯಾಮೆರಾಗಳಿಗೆ ಬೇರೆ ಕರೆಂಟಿನ ತಂತಿ ಇರುವುದಿಲ್ಲ. ಚಿತ್ರ ತರುವ ಕೇಬಲ್‌ನಲ್ಲೇ ಕರೆಂಟೂ ಹೋಗಬೇಕು. ಹಗಲು ಕ್ಯಾಮೆರಾದ ಹೊಟ್ಟೆ ಸಣ್ಣದು, ಬಂದಷ್ಟರಲ್ಲಿ ಬದುಕುತ್ತದೆ. ಕತ್ತಲಾದರೆ ಅದು ತನ್ನದೇ ದೀಪ ಹಚ್ಚಿಕೊಳ್ಳಬೇಕು. ನಮ್ಮ ಕಣ್ಣಿಗೆ ಮಂಕಾಗಿ ಕೆಂಪು ಕಾಣುವ ದೀಪ. ಆಗ ಹಸಿವು ಹೆಚ್ಚು. ತೆಳ್ಳನೆ ಅಲ್ಯೂಮಿನಿಯಂ ತಂತಿ, ಅದೂ ಅಷ್ಟುದ್ದ ಸುತ್ತಿ ಬಂದದ್ದು. ಕರೆಂಟು ಅರ್ಧ ದಾರಿಯಲ್ಲೇ ಸೋತು ಹೋಗುತ್ತದೆ.

ಕತ್ತಲಾದದ್ದು ಕ್ಯಾಮೆರಾಕ್ಕೆ ತಿಳಿಯುವುದು ಅದರ ಮುಖದ ಮೇಲಿನ ಒಂದು ಸಣ್ಣ ಕಣ್ಣಿನಿಂದ. ಅದನ್ನು ಮುಚ್ಚಿದರೆ ನಡುಹಗಲೂ ಅದಕ್ಕೆ ರಾತ್ರಿ. ನಮ್ಮ ಯಜಮಾನರ ಹೆಗಲ ಮೇಲಿನ ಟವಲು ಕಿತ್ತುಕೊಂಡು ಏಣಿ ಹತ್ತಿದೆ. ಮಲ್ಲೇಶನನ್ನು ಬದುವಿನ ಮೇಲೆ ಡ್ರಮ್ ಇಟ್ಟು ಹತ್ತಿಸಿದೆ. ಇಬ್ಬರ ತಲೆಯ ಮೇಲೂ ಕ್ಯಾಮೆರಾದ ಮೇಲೂ ಟವಲು ಹೊದಿಸಿ ಒಳಗೆ ನೋಡು ಅಂದೆ.

"ಏನ್ ಮಾಡ್ತಿದ್ದೀರಿ ಇಬ್ರೂ? ನೆಗಡಿಗೆ ಆವಿ ಹಿಡೀತಿದ್ದೀರಾ?" ಅಂತ ಕೆಳಗಿನಿಂದ ಯಜಮಾನರ ಕೂಗು.

ಒಳಗೆ ಟಿಕ್ ಅಂತ ಸಣ್ಣ ಸದ್ದಾಯಿತು. ಕೆಂಪು ಚುಕ್ಕಿಗಳು ಹೊತ್ತಿಕೊಂಡವು, ಕಣ್ಣು ಮಿಟುಕಿಸುವುದರಲ್ಲಿ ಆರಿಹೋದವು. ಸ್ವಲ್ಪ ಹೊತ್ತು ಬಿಟ್ಟು ಕ್ಯಾಮೆರಾ ತಾನಾಗಿ ಎದ್ದಿತು, ಮತ್ತೆ ಟಿಕ್, ಮತ್ತೆ ಕೆಂಪು, ಮತ್ತೆ ಕತ್ತಲೆ. ಟವಲು ತೆಗೆದೆ. ಬೆಳಕಿಗೆ ಬಂದದ್ದೇ ಆರಾಮಾಗಿ ನಿಂತಿತು. ಇನ್ನೊಂದು ಸಲ ಮುಚ್ಚಿದೆ, ಇನ್ನೊಂದು ಸಲ ಸತ್ತಿತು.

"ನೋಡಿದ್ಯಾ? ನಿಮ್ಮಣ್ಣ ಅಲ್ಲ ಕಣಪ್ಪ. ಹಸ್ಕೊಂಡು ಬೀಳ್ತಿದೆ ಅಷ್ಟೇ. ಬೆಳಗಾನ ಹೀಗೇ ಎದ್ದು ಬಿದ್ದು, ಎದ್ದು ಬಿದ್ದು ಮಾಡ್ತದೆ. ಕೇಬಲ್ ಕೆಟ್ಟದ್ದು" ಅಂದೆ.

ಮಲ್ಲೇಶ ಡ್ರಮ್ಮಿನಿಂದ ಇಳಿದು ಬದುವಿನ ಮೇಲೆ ಕುಕ್ಕರಿಸಿದ. "ಕ್ವಾಪ ಇಲ್ವಾ ಅಂಗಾರೆ?" ಅಂತ ಕೇಳಿದ. ಇಲ್ಲ ಕಣೋ ಅಂದೆ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ನಮ್ಮ ಯಜಮಾನರು ಏಣಿ ಬಿಟ್ಟು ಹೋಗಿ ಅವನ ಬೆನ್ನು ಸವರಿದರು. ನಾನು ಏಣಿಯ ಮೇಲೇ ಇದ್ದೆ, ಅದು ಬೇರೆ ಮಾತು.

ಗೆದ್ದು ಬಂದವಳ ಹಾಗೆ ಮನೆಗೆ ಬಂದೆ. ಹಿತ್ತಲ ಬಾಗಿಲಲ್ಲೇ ನಂಜಮ್ಮಣ್ಣಿ ಎದುರಾದಳು. ಮುಖ ತೊಳೆದಿದ್ದಳು, ವಿಭೂತಿ ಹೊಸದಾಗಿತ್ತು. ಒಳಗೆ ಟಿವಿಯ ಮುಂದೆ ಕಾಫಿಯ ಲೋಟ ಹೊಗೆಯಾಡುತ್ತಿತ್ತು.

"ಅಕ್ಕಾ, ಇವತ್ತು ಮದ್ಯಾನ್ನುಕ್ಕೇ ಬಂದಿದ್ರು ಕಣಕ್ಕ" ಅಂದಳು. ಉಸಿರು ಎಳೆದುಕೊಳ್ಳಲೂ ಬಿಡುವಿಲ್ಲದ ಸಂತೋಷ. "ಕಾಪಿ ಮಡಗಿ ಬರದ್ರೊಳ್ಗೆ ಓಗ್ಬುಟ್ರು. ಮತ್ತೆ ಬಂದ್ರು. ನೀವ್ ಒಲದಲ್ಲಿದ್ರಲ್ಲ, ನಿಮ್ಗೇನಾರ ಕಂಡ್ರಾ?"

ಅಯ್ಯೋ ಶಿವನೇ. ನನ್ನ ಕೈಯಲ್ಲಿ ಆ ಟವಲು ಇನ್ನೂ ಇತ್ತು. ಮುಚ್ಚಿಡೋಣ ಅನ್ನಿಸಿತು. ಆದರೆ ಹಿಂದೆ ಮಲ್ಲೇಶ ನಿಂತಿದ್ದ. ಅವನು ಇನ್ನೊಂದು ರಾತ್ರಿ ಆ ಅಟ್ಟಣೆಗೆ ಹೋಗಬೇಕೋ ಬೇಡವೋ ಅನ್ನುವುದು ನನ್ನ ಬಾಯಲ್ಲಿತ್ತು. ಹೇಳಿದೆ. ಟವಲು, ಕೆಂಪು ದೀಪ, ಕರೆಂಟು ಸೋಲುವುದು, ಎಲ್ಲ ಹೇಳಿದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಕೊನೆಗೆ "ನೀವ್ ಸುಳ್ಳೇಳ್ತಿದ್ದೀರಿ" ಅಂದು ಅಡುಗೆಮನೆಗೆ ಹೋಗಿಬಿಟ್ಟಳು.

ಊಟ ಮುಗಿಸಿ ನಮ್ಮ ಯಜಮಾನರು ಬೈಕ್ ಹತ್ತಿ ಚಾಮರಾಜನಗರಕ್ಕೆ ಹೊರಟರು, ಕೇಬಲ್ ತರಲು. ಯಾವುದು ತರಲಿ ಅಂತ ಕೇಳಿದಾಗ ನಾನು ತುಂಬ ಯೋಚಿಸಿದೆ. ತಂತಿ ಪೂರಾ ತಾಮ್ರದ್ದೇ ಆಗಬೇಕು, ಸ್ವಲ್ಪ ದಪ್ಪನೆಯದು. ಬಿಸಿಲು ಮಳೆಗೆ ಜಗ್ಗದ ಕಪ್ಪು ಸಿಪ್ಪೆ, ಹಸಿ ಮಣ್ಣಿಗೆ ಜಿಡ್ಡು ತುಂಬಿದ್ದು. ಇಲಿ, ಮುಳ್ಳುಹಂದಿ ಕಡಿಯದಿರಲೆಂದು ಗಟ್ಟಿ ಪೈಪಿನೊಳಗೆ ಹೋಗಬೇಕು. ಇಷ್ಟೆಲ್ಲ ಸರಿ. ಆದರೆ ದಾರಿ? ಸುತ್ತು ದಾರಿಯಲ್ಲಿ ಒಳ್ಳೆಯ ತಾಮ್ರ ಎಳೆದರೆ ದೀಪ ಹತ್ತಬಹುದು. ಮಿತಿ ಮೀರಿದ ದೂರಕ್ಕೆ ಚಿತ್ರ ಯಾವಾಗ ಕೈಕೊಡುತ್ತದೋ ಹೇಳಲಾಗದು. ಅದೇ ಹೊತ್ತಿಗೆ ಆನೆ ಬಂದರೆ? ಟಿವಿಯನ್ನು ನಂಬಿ ಮನೆಯಲ್ಲಿ ಮಲಗಿದವರ ಗತಿ ಏನು? ನೇರ ದಾರಿಯೇ ಆಗಬೇಕು. ನೇರ ದಾರಿ ಗದ್ದುಗೆಯ ಅಂಕಣದ ಮೇಲೆ. ಅದನ್ನು ಅಗೆಯಿರಿ ಅನ್ನಲು ನನಗೂ ಬಾಯಿ ಬರಲಿಲ್ಲ, ಮಲ್ಲೇಶನಿಗೂ ಬರಲಿಲ್ಲ. ಆ ಮಾತು ಆಡಬಹುದಾದವಳು ಒಬ್ಬಳೇ.

ಸಂಜೆ ನಂಜಮ್ಮಣ್ಣಿ ಮತ್ತೆ ದೀಪ ಹಚ್ಚಿ ಕಾಫಿ ಇಟ್ಟು ಕೂತಳು. ನಾನು ದೂರ ಕೂತಿದ್ದೆ. ಅವಳೇ ಕರೆದಳು.

"ಅಕ್ಕಾ, ನೀವ್ ಏಳದು ನಿಜಾನೇ ಇರ್ಬೋದು. ನೀವು ಓದ್ದವ್ರು. ಆದ್ರೆ ನಂಗೆ ಬತ್ತಾರೆ ಅಂತ ಇದ್ರೆ ಸಾಕು. ಸಂಜೆ ಆಯ್ತದೆ ಅಂತ ಬೆಳಗಿನಿಂದ ಕೆಲ್ಸ ಮಾಡ್ತೀನಿ. ಅದೂ ಇಲ್ದಿದ್ರೆ ನಾನ್ ಏನ್ ಮಾಡ್ಲಿ? ಕಾರ್ತೀಕದ್ ಗಂಟ ಬುಟ್ಬುಡಿ ಅಕ್ಕ. ವರ್ಸ ತುಂಬ್ಲಿ. ಆಮೇಲೆ ನಾನೇ ಕಳ್ಸ್‌ಕೊಡ್ತೀನಿ ಅವ್ರನ್ನ."

"ಅಲ್ಲೀತನಕ ಆನೆ ಕಾಯಲ್ಲವಲ್ಲ ಕಣವ್ವ. ಮಲ್ಲೇಶ ದಿನಾ ಹೋಗ್ತಾನೆ" ಅಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

ಅವಳು ಉತ್ತರ ಕೊಡುವ ಮೊದಲೇ ಪರದೆ ಬೂದಿಯಾಗಿ, ಆರಿ, ಕಪ್ಪಾಯಿತು. ಅವಳು "ಬಂದ್ರು" ಅನ್ನಲು ಬಾಯಿ ತೆರೆದಳು. ಅದೇ ಹೊತ್ತಿಗೆ ಮಲ್ಲೇಶ ನಡುಮನೆ ದಾಟಿ ಹಿತ್ತಲ ಬಾಗಿಲಿಗೆ ಹೋದ. ಅಣ್ಣನ ಸ್ವೆಟರ್, ಹೆಗಲಿಗೆ ಚೀಲ, ಕೈಯಲ್ಲಿ ಬ್ಯಾಟರಿ. "ಬಾಗ್ಲಾಕ್ಕಳಿ ಅತ್ಗೆ, ಬತ್ತೀನಿ" ಅಂದ. ಬೆನ್ನು ಮಾತ್ರ ಕಾಣುತ್ತಿತ್ತು. ನಂಜಮ್ಮಣ್ಣಿ ಆ ಬೆನ್ನನ್ನು ನೋಡಿದಳು. ಅವಳ ತೆರೆದ ಬಾಯಿ ಹಾಗೇ ಉಳಿಯಿತು. ಸಿದ್ದಪ್ಪ ಕೊನೆಯ ಸಲ ಹೋದದ್ದೂ ಅಂಥದ್ದೇ ಸ್ವೆಟರಿನಲ್ಲಿ, ಅದೇ ಬಾಗಿಲಿನಿಂದ, ಅದೇ ಮಾತು ಹೇಳಿ ಅಂತ ಆಮೇಲೆ ನನಗೆ ಹೇಳಿದಳು. ಆ ಸಂಜೆ ಅವಳು ಟಿವಿಯ ಕಡೆ ತಿರುಗಲಿಲ್ಲ. ಹಿತ್ತಲ ಬಾಗಿಲಿಗೆ ಒರಗಿ ಕೂತೇ ಇದ್ದಳು.

ಬೆಳಿಗ್ಗೆ ಮಲ್ಲೇಶ ಮಂಜಿನಲ್ಲಿ ನೆನೆದು ಬಂದ. ಕಂದಕದ ಈಚೆ ಎರಡು ಸಾಲು ಜೋಳ ನೆಲಸಮವಾಗಿತ್ತಂತೆ. ಪಟಾಕಿ ನೀರು ಕುಡಿದು ಹೊತ್ತಲಿಲ್ಲವಂತೆ. "ಆನೆ ಅಟ್ಟಣೆ ಕೆಳೀಕೇ ನಿಂತಿತ್ತು ಕಣತ್ಗೆ, ಉಸ್ರಾಡದು ಕೇಳುಸ್ತಿತ್ತು" ಅಂದ. ನಂಜಮ್ಮಣ್ಣಿ ಅವನಿಗೆ ಬಿಸಿನೀರು ಕೊಟ್ಟಳು, ತಿನ್ನಲು ಕೊಟ್ಟಳು. ನಮ್ಮ ಯಜಮಾನರ ಬೈಕು ಬಂತು, ಹಿಂದೆ ಕಪ್ಪು ಕೇಬಲ್‌ನ ಪೆಟ್ಟಿಗೆ, ಪೈಪಿನ ಕಟ್ಟು. ಅದನ್ನು ಕಂಡ ಮೇಲೆ ಅವಳು ಕೊಟ್ಟಿಗೆಗೆ ಹೋಗಿ ಗುದ್ದಲಿ ತಂದಳು.

ನಾವೆಲ್ಲ ಅವಳ ಹಿಂದೆ ಹೋದೆವು. ಗದ್ದುಗೆಯ ಅಂಕಣದ ಮುಂದೆ ಚಪ್ಪಲಿ ಬಿಟ್ಟಳು. ಮಲ್ಲೇಶ "ಅತ್ಗೆ, ವರ್ಸ ತುಂಬ್ನಿಲ್ಲ, ಕಬ್ಣ ತಾಗುಸ್ಬಾರ್ದು" ಅಂತ ಕೈ ಹಿಡಿದ.

"ನಾನೇ ತಾಗುಸ್ತೀನಿ ಬುಡು. ನೋವಾದ್ರೆ ನನ್ನೇ ಬಯ್ಕೊಳ್ಳಿ" ಅಂದಳು. ಗದ್ದುಗೆಯ ಕಡೆ ತಿರುಗಿ, ಎದುರಿಗೆ ಕೂತ ಗಂಡನಿಗೆ ಹೇಳುವ ಹಾಗೆಯೇ ಅಂದಳು: "ನಿಮ್ ತಮ್ಮ ದಿನಾ ನಿಮ್ ಜಾಗ್‌ದಲ್ಲಿ ಕೂತ್ಕತಾವ್ನೆ. ಅವ್ನೂ ಇಲ್ಲೇ ಬಂದು ಕೂತ್ಕಂಡ್ರೆ ನಾನ್ ಯಾರ್ಗೆ ಅಂತ ಕಾಪಿ ಮಡುಗ್ಲಿ? ಒಸಿ ತಡ್ಕಳಿ."

ಮೊದಲ ಮಣ್ಣು ಅವಳೇ ತೆಗೆದಳು. ಹಸಿ ಮಣ್ಣು, ಸುಲಭವಾಗಿ ಬಂತು. ಆಮೇಲೆ ಮಲ್ಲೇಶ, ನಮ್ಮ ಯಜಮಾನರು ಸೇರಿದರು. ಮಧ್ಯಾಹ್ನದ ಹೊತ್ತಿಗೆ ಕೇಬಲ್‌ಗೆ ತೋಡಿದ ಕಾಲುವೆ ಕಂಬ ಮುಟ್ಟಿತು. ನಾನು ಕೇಬಲ್ ಸುಲಿದು ತುದಿ ಕಟ್ಟಿದೆ. ಜಿಡ್ಡು ಮೊಣಕೈ ತನಕ ಅಂಟಿತ್ತು. ನಂಜಮ್ಮಣ್ಣಿ ಪಕ್ಕದಲ್ಲೇ ಕೂತು ಅದನ್ನು ಬಟ್ಟೆಯಲ್ಲಿ ಒರೆಸಿಕೊಟ್ಟಳು. ಪೈಪು ಇಳಿಸಿ ಮಣ್ಣು ಮುಚ್ಚುವಾಗಲೂ ಗದ್ದುಗೆಯ ಬದಿಯ ಮಣ್ಣನ್ನು ಬೇರೆಯವರಿಗೆ ಮುಟ್ಟಲು ಬಿಡಲಿಲ್ಲ. ಕೈಯಲ್ಲೇ ತಟ್ಟಿ ತಟ್ಟಿ ಸಮ ಮಾಡಿದಳು.

ಸಂಜೆಯ ಹೊತ್ತಿಗೆ ತುಂತುರು ನಿಂತು ಆಕಾಶ ತಿಳಿಯಾಯಿತು. ನಾವೆಲ್ಲ ಟಿವಿಯ ಮುಂದೆ ಕೂತೆವು. ಕೆಲಸ ಸರಿಯಾಗಿದೆ ಅಂತ ನನಗೆ ಗೊತ್ತಿತ್ತು. ಆದರೂ ಮನಸ್ಸಿನಲ್ಲೇ ಮಾದಪ್ಪನಿಗೆ ಕೈ ಮುಗಿದೆ. ಒಳ್ಳೆಯದಾಗಲಿ ಅಂತಲೋ, ಕೆಟ್ಟುಹೋಗಲಿ ಅಂತಲೋ ಹೇಳಲಾರೆ. ಹಸಿರು ಮಾಸಿತು. ಚಿತ್ರ ಬೂದಿಯಾಯಿತು. ನಂಜಮ್ಮಣ್ಣಿ ಮುಂದಕ್ಕೆ ಬಾಗಿದಳು.

ಆರಲಿಲ್ಲ.

ಬೆಳ್ಳಗೆ, ಸ್ಪಷ್ಟವಾಗಿ, ಎಲ್ಲ ಕಾಣುತ್ತಿತ್ತು. ಕಂದಕದ ದಿಬ್ಬ, ಅಲುಗುವ ಜೋಳದ ಗರಿ, ದೀಪಕ್ಕೆ ಮುತ್ತಿದ ಹುಳ. ಎಡ ಮೂಲೆಯಲ್ಲಿ ಗದ್ದುಗೆ, ಅದರ ಪಕ್ಕ ಅವಳೇ ತಟ್ಟಿದ ಹೊಸ ಮಣ್ಣು. ಅಲ್ಲಿ ಯಾರೂ ಇರಲಿಲ್ಲ. ಮಲ್ಲೇಶ ಚೀಲ ತೆಗೆದುಕೊಳ್ಳಲು ಏಳಲಿಲ್ಲ, ಗೋಡೆಗೆ ಒರಗಿ ಕಾಲು ಚಾಚಿ ಕೂತ. ನಮ್ಮ ಯಜಮಾನರು ಏನೋ ಹೇಳಹೊರಟರು, ನಾನು ಅವರ ತೊಡೆ ಚಿವುಟಿದೆ.

ಹೊರಗೆ ಪೂರ್ತಿ ಕತ್ತಲಾಯಿತು. ನಂಜಮ್ಮಣ್ಣಿ ಪರದೆಯ ಹತ್ತಿರ ಸರಿದು, ಗದ್ದುಗೆಯ ಸುತ್ತ, ಜೋಳದ ಸಂದಿಯಲ್ಲಿ, ಕಾಲುದಾರಿಯಲ್ಲಿ ಹುಡುಕುತ್ತಿದ್ದಳು. ಬೆರಳಿನಿಂದ ಗಾಜು ಸವರಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಂಗಾರೆ ಅವ್ರು ನಿಜವಾಗ್ಲೂ ಓಗ್ಬುಟ್ರಾ ಅಕ್ಕಾ?"

ಹೂಂ ಕಣವ್ವ ಅಂದೆ.

ಅವಳು ಎದೆ ಬಡಿದುಕೊಂಡು ಅತ್ತಳು. ಹೆಣದ ಮುಂದೆ ಅಳುವ ಅಳು ಅದು. ಗಂಡನನ್ನು ಹೆಸರು ಹಿಡಿದು ಕರೆದಳು. ನನ್ನ ಮಡಿಲಿಗೆ ಬಿದ್ದಳು, ನಾನೂ ಅತ್ತೆ. ಊರಿನ ನಾಯಿಗಳೆಲ್ಲ ಬೊಗಳಲು ಶುರು ಮಾಡಿದವು. ಆನೆ ಬಂತೇನೋ ಅಂದುಕೊಂಡು ಅಕ್ಕಪಕ್ಕದವರು ಬ್ಯಾಟರಿ, ದೊಣ್ಣೆ ಹಿಡಿದು ಓಡಿ ಬಂದರು. ಬಾಗಿಲ ತುಂಬ ಜನ. ಮುಂದೆ ನಿಂತಿದ್ದ ಹಿರಿಯರೊಬ್ಬರು ಗಾಬರಿಯಾಗಿ ಕೇಳಿದರು, "ಯಾಕ್ಲಾ ಮಲ್ಲೇಸ, ಏನಾಯ್ತ್ಲಾ?"

ಮಲ್ಲೇಶ ಎದ್ದು ನಿಂತ. ಹೆಗಲ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನಮ್ಮಣ್ಣ ತೀರ್ಕಬುಟ್ಟ ಕಣಣ್ಣ" ಅಂದ.